ಮಾತಾಡಿದ್ದು ನಟನೆಯಲ್ಲವೇ? ‘ಮುಂಗಾರು ಮಳೆ’ಯ ಪ್ರೀತಮ್ ಕುರಿತ ಒಂದು ಮನೆಜಗಳಕ್ಕೆ ಉತ್ತರ

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ವರ್ಷಾನುಗಟ್ಟಲೆಯಿಂದ ಮುಗಿಯದ ಚರ್ಚೆ ಒಂದಿದೆ. ‘ಮುಂಗಾರು ಮಳೆ’ ಬಂದಾಗ ನಾನು ಪಿಯುಸಿ. ಅಂದಿನಿಂದ ಗಣೇಶ್ ಅಭಿಮಾನಿ. ಆ ಸಿನಿಮಾ ಎಷ್ಟು ಸಲ ನೋಡಿದ್ದೇನೆ ಅನ್ನುವುದಕ್ಕೆ ಲೆಕ್ಕವಿಲ್ಲ. ನಮ್ಮ ಭಾವ ಮಾತ್ರ ಅನಂತ್ ನಾಗ್ ಅವರನ್ನು ಬಿಟ್ಟರೆ ಇನ್ನೊಬ್ಬರನ್ನು ಒಪ್ಪುವವರಲ್ಲ. ‘ಆ ಚಿತ್ರದಲ್ಲಿ ನಟನೆ ಮಾಡಿದ್ದು ಕರ್ನಲ್ ಸುಬ್ಬಯ್ಯ ಒಬ್ಬರೇ. ನಿಮ್ಮ ಹೀರೋ ಟಿವಿಯಲ್ಲಿ ವಟವಟ ಅಂತಿದ್ದ ಹಾಗೇ ಇಲ್ಲೂ ಅಂದ, ಅಷ್ಟೇ’ ಅನ್ನುತ್ತಾರೆ. ಅಕ್ಕ ಅವರ ಕಡೆ, ಅಮ್ಮ ನನ್ನ ಕಡೆ. ಈ ಯುಗಾದಿಯಲ್ಲೂ ಒಬ್ಬಟ್ಟಿನ ಜೊತೆ ಅದೇ ಮಾತು ಬಂತು. ನೀವು ನಟನೆ ಕಲಿಸುವವರು. ರೊಮ್ಯಾಂಟಿಕ್ ಕಾಮಿಡಿಯಲ್ಲಿ ಒಬ್ಬ ನಟ ಚೆನ್ನಾಗಿ ನಟಿಸಿದ್ದಾನೋ ಇಲ್ಲವೋ ಅಂತ ಗುರುತಿಸುವುದು ಹೇಗೆ? ಭಾವನ ಮಾತಿನಲ್ಲಿ ಏನಾದರೂ ಹುರುಳಿದೆಯೇ?

ಉತ್ತರ: ಹುರುಳಿದೆ, ಅಮ್ಮ. ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಗಣೇಶ್ ಮಾಡಿದ ಪ್ರೀತಮ್ ಪಾತ್ರದ ಮುಕ್ಕಾಲು ಪಾಲು ಮಾತೇ. ಗಣೇಶ್ ಅವರ ಮಾತಿನ ವರಸೆಯನ್ನು ಜನ ಮೊದಲು ಕಂಡದ್ದು ಉದಯ ಟಿವಿಯ ‘ಕಾಮಿಡಿ ಟೈಮ್’ನಲ್ಲಿ ಅನ್ನುವುದೂ ನಿಜ. ನಾಯಕನಾಗಿ ‘ಚೆಲ್ಲಾಟ’ ಬಂದದ್ದು 2006ರಲ್ಲಿ, ಅದೇ ವರ್ಷ ಡಿಸೆಂಬರ್ 29ಕ್ಕೆ ‘ಮುಂಗಾರು ಮಳೆ’. ಟಿವಿಯ ನೆನಪು ಜನರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ಭಾವನವರಿಗೆ ಹಾಗೆ ಕಂಡದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಮಾತಾಡಿದ, ಅಷ್ಟೇ’ ಅಂದರಲ್ಲ, ಆ ‘ಅಷ್ಟೇ’ ಬಗ್ಗೆ ನನ್ನ ತಕರಾರಿದೆ.

ಮಲೆನಾಡು, ಕರಾವಳಿ ಕಡೆಯ ತಾಳಮದ್ದಳೆ ಕೇಳಿದ್ದೀರಾ? ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯ ಹಾಕಿಕೊಂಡು ಕೂತ ಅರ್ಥಧಾರಿಗಳು ಕೂತಲ್ಲೇ ಕರ್ಣ, ಕೃಷ್ಣ, ವಾಲಿ ಆಗುತ್ತಾರೆ, ಬರೀ ಮಾತಿನಿಂದ. ಇಡೀ ರಾತ್ರಿ ಕೂತು ಕೇಳಿದ ಯಾರೂ ‘ಅರ್ಥಧಾರಿ ಬರೀ ಮಾತಾಡಿದ’ ಎಂದು ಎದ್ದು ಹೋಗುವುದಿಲ್ಲ. ನಮ್ಮ ಶಾಸ್ತ್ರದಲ್ಲೂ ಆಂಗಿಕ (ಮೈಯ ಚಲನೆ), ವಾಚಿಕ (ಮಾತು), ಆಹಾರ್ಯ (ವೇಷಭೂಷಣ), ಸಾತ್ವಿಕ (ಒಳಗಿನ ಭಾವ) ಎಂದು ಅಭಿನಯಕ್ಕೆ ನಾಲ್ಕು ದಾರಿ ಹೇಳಿದ್ದಾರೆ. ವಾಚಿಕ ಅದರಲ್ಲಿ ಒಂದು. ಅದಕ್ಕೆ ಎರಡನೇ ದರ್ಜೆ ಎಂದು ಯಾರೂ ಚೀಟಿ ಅಂಟಿಸಿಲ್ಲ.

ಆದರೆ ತಾಳಮದ್ದಳೆಯಲ್ಲಿ ಒಂದು ಕಟ್ಟಳೆ ಇದೆ. ಒಳ್ಳೆಯ ಅರ್ಥಧಾರಿ ಎದುರಿನವನ ಮಾತು ಕೇಳಿಸಿಕೊಂಡು, ಅದರ ಬಾಲ ಹಿಡಿದು ತನ್ನ ಮಾತು ಬೆಳೆಸಬೇಕು. ಮನೆಯಿಂದ ಕಲಿತು ತಂದದ್ದನ್ನು ಒಪ್ಪಿಸಿದರೆ ಕೇಳುವವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ರೊಮ್ಯಾಂಟಿಕ್ ಕಾಮಿಡಿಯ ನಟನೆಗೂ ನಾನು ಹಿಡಿಯುವ ಅಳತೆಗೋಲು ಇದೇ. ಎಷ್ಟು ಚೆನ್ನಾಗಿ ಮಾತಾಡಿದ ಅನ್ನುವುದು ಆಮೇಲಿನ ಮಾತು. ಎಷ್ಟು ಚೆನ್ನಾಗಿ ಕೇಳಿಸಿಕೊಂಡ? ಎದುರಿಗಿರುವವಳ ಒಂದು ಮಾತಿನಿಂದ, ಒಂದು ನೋಟದಿಂದ ಇವನ ಮುಂದಿನ ಮಾತು ಹುಟ್ಟಿತೇ, ಅಥವಾ ಮೊದಲೇ ಬಾಯಿಪಾಠವಾಗಿತ್ತೇ? ನಗು ಹುಟ್ಟುವುದೂ ಅಲ್ಲೇ, ಪ್ರೀತಿ ಹುಟ್ಟುವುದೂ ಅಲ್ಲೇ.

ಟಿವಿ ನಿರೂಪಕನಿಗೂ ಸಿನಿಮಾ ನಟನಿಗೂ ಇರುವ ವ್ಯತ್ಯಾಸವೂ ಇದೇ. ನಿರೂಪಕ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಾನೆ. ಎದುರಿಗೆ ಮುಖವಿಲ್ಲ. ಸುಮ್ಮನಾದರೆ ಕಾರ್ಯಕ್ರಮ ಬಿದ್ದುಹೋಗುತ್ತದೆ, ಅದಕ್ಕೇ ಒಂದು ಕ್ಷಣವೂ ಖಾಲಿ ಬಿಡುವ ಹಾಗಿಲ್ಲ. ಸಿನಿಮಾ ನಟ ಅದೇ ಖಾಲಿ ಕ್ಷಣವನ್ನು ಧೈರ್ಯವಾಗಿ ಬಿಡಬೇಕು. ಹಾಗಾದರೆ ಭಾವನವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ‘ಮುಂಗಾರು ಮಳೆ’ಯಲ್ಲಿ ಗಣೇಶ್ ಸುಮ್ಮನಾಗುವುದು ಎಲ್ಲೆಲ್ಲಿ, ಆ ಹೊತ್ತಿನಲ್ಲಿ ಮುಖದ ಮೇಲೆ ಏನಿದೆ?

ಅದಕ್ಕೆ ಹೋಗುವ ಮೊದಲು ಚಿತ್ರದ ಕಟ್ಟಡವನ್ನೇ ಒಮ್ಮೆ ನೋಡಿ. ನಿರ್ದೇಶಕ ಯೋಗರಾಜ್ ಭಟ್ಟರು ಮತ್ತು ಕಥೆ ಬರೆದ ಪ್ರೀತಮ್ ಗುಬ್ಬಿ ಒಂದು ಸೊಗಸಾದ ಕೆಲಸ ಮಾಡಿದ್ದಾರೆ. ಬಾಯಿ ಮುಚ್ಚದ ಹುಡುಗನೊಬ್ಬನನ್ನು ತಂದು ಮಡಿಕೇರಿಯಲ್ಲಿ ಕಿವಿ ಕೇಳಿಸದ ಯಜಮಾನ ಕರ್ನಲ್ ಸುಬ್ಬಯ್ಯನ ಮನೆಯಲ್ಲಿ ಇಟ್ಟಿದ್ದಾರೆ! ಪ್ರೀತಮ್‌ಗೆ ಜಗತ್ತನ್ನೆಲ್ಲ ಮಾತಿನಿಂದ ಗೆಲ್ಲಬಲ್ಲೆ ಎಂಬ ನಂಬಿಕೆ. ಆದರೆ ಅವನು ಗೆಲ್ಲಲೇಬೇಕಾದ ಮನುಷ್ಯ, ಹುಡುಗಿಯ ಅಪ್ಪ, ಕೇಳಿಸಿಕೊಳ್ಳಲಾರ. ಇನ್ನು ಆ ಹುಡುಗಿ ನಂದಿನಿಗೆ ಬೇರೆಯವನೊಂದಿಗೆ ಮದುವೆ ಗೊತ್ತಾಗಿದೆ, ಇವನ ಮಾತನ್ನು ಅವಳು ಕೇಳುವ ಹಾಗಿಲ್ಲ. ಉಳಿದದ್ದು ಯಾರು? ಒಂದು ಮೊಲ. ಸೋತ ಪ್ರೇಮಿಯ ಹೆಸರನ್ನೇ ಇಟ್ಟುಕೊಂಡ ದೇವದಾಸ. ಇವನ ಮನಸ್ಸಿನ ಮಾತು ಪೂರ್ತಿ ಕೇಳುವ ಜೀವ ಅದೊಂದೇ, ಅದಕ್ಕೆ ಉತ್ತರ ಕೊಡಲು ಬಾಯಿಲ್ಲ.

ಅಂದರೆ ಈ ಪಾತ್ರ ಮಾತಾಡುವ ಪಾತ್ರ ಹೌದು, ಆದರೆ ಮಾತು ತಲುಪದ ಪಾತ್ರ. ಮಾತು ತಲುಪದಿದ್ದರೂ ಆಡುತ್ತಲೇ ಇರುವವನನ್ನು ನೋಡಿ ಮೊದಲರ್ಧದಲ್ಲಿ ನಗುತ್ತೇವೆ, ಎರಡನೇ ಅರ್ಧದಲ್ಲಿ ಅದೇ ಕಾರಣಕ್ಕೆ ಗಂಟಲು ಕಟ್ಟುತ್ತದೆ. ಒಂದೇ ಧಾಟಿ ಇಟ್ಟುಕೊಂಡು ಎರಡು ಪರಿಣಾಮ ತೆಗೆಯುವುದು ಸುಲಭವಲ್ಲ. ಬರೆದವರ ಪಾಲು ಇದರಲ್ಲಿ ದೊಡ್ಡದು. ಹೊತ್ತುಕೊಂಡು ನಡೆದವರು ನಟ.

ಮೊಲದ ಜೊತೆಗಿನ ದೃಶ್ಯಗಳನ್ನು ಜನ ತಮಾಷೆಗೆ ಬಿಟ್ಟುಬಿಡುತ್ತಾರೆ. ನಟನೆ ಕಲಿಸುವವನಿಗೆ ಅವು ಚಿನ್ನ. ಪ್ರಾಣಿಯ ಜೊತೆ ಕೆಲಸ ಮಾಡಿದವರಿಗೆ ಗೊತ್ತು, ಅದು ಹೇಳಿದ ಕಡೆ ನೋಡುವುದಿಲ್ಲ, ಒಂದು ಟೇಕ್‌ನಲ್ಲಿ ಮಾಡಿದ್ದನ್ನು ಇನ್ನೊಂದರಲ್ಲಿ ಮಾಡುವುದಿಲ್ಲ, ನಿಮ್ಮ ಮಾತಿಗೆ ಎತ್ತುಗಡೆ (ಕ್ಯೂ) ಕೊಡುವುದಿಲ್ಲ. ನಟನೇ ತನ್ನ ಮಾತನ್ನೂ ಆಡಬೇಕು, ಅದರ ಪರವಾಗಿ ಕೇಳಿಸಿಕೊಂಡ ಹಾಗೆಯೂ ಮಾಡಬೇಕು. ಗಣೇಶ್ ಆ ಮೊಲವನ್ನು ಮುದ್ದು ಮಾಡುವ ಆಟಿಕೆಯಾಗಿ ನೋಡುವುದಿಲ್ಲ, ಸಮಾನ ವಯಸ್ಸಿನ ಗೆಳೆಯನ ಹಾಗೆ ಬೈಯುತ್ತಾರೆ, ಸಮಾಧಾನ ಹೇಳುತ್ತಾರೆ. ಆ ಗಂಭೀರತೆ ಇದ್ದುದಕ್ಕೇ ಕೊನೆಯಲ್ಲಿ ಮೊಲ ಸತ್ತಾಗ ಥಿಯೇಟರ್‌ನಲ್ಲಿ ಯಾರೂ ನಗಲಿಲ್ಲ. ಒಂದು ಮೊಲದ ಸಾವಿಗೆ ಸಾವಿರ ಜನ ಮೂಗು ಒರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಟ ಅದಕ್ಕೆ ಮುಂಚೆ ಎರಡು ಗಂಟೆ ಆ ಮೊಲವನ್ನು ನಂಬದಿದ್ದರೆ ಅದು ಸಾಧ್ಯವಿರಲಿಲ್ಲ.

ಈಗ ಮಳೆಯ ದೃಶ್ಯ. ನಂದಿನಿಯ ಗೆಳತಿಯರು ಬರುವ ರೈಲು ತಡ, ಇಬ್ಬರೂ ಬೆಟ್ಟದ ದೇವಸ್ಥಾನಕ್ಕೆ ಹೋಗಿ ಬರುವಾಗ ಮಳೆಗೆ ಸಿಕ್ಕಿ ಮುದುಕ ಮುದುಕಿಯ ಗುಡಿಸಲು ಸೇರುತ್ತಾರೆ. ಇವನು ಹೆಂಡದ ಬಾಟಲಿ ಹಿಡಿದು ಹೊರಗೆ ಮಳೆಯಲ್ಲಿ ಕೂರುತ್ತಾನೆ. ಅವಳು ಕೊಡೆ ಹಿಡಿದು ಬರುತ್ತಾಳೆ. ಆಮೇಲಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಬಹುಶಃ ಬಾಯಿಪಾಠವೇ ಇರಬೇಕು.

ಕುಡಿದವನ ಪಾತ್ರ ಮಾಡು ಎಂದರೆ ಹೊಸ ವಿದ್ಯಾರ್ಥಿ ಏನು ಮಾಡುತ್ತಾನೆ? ತೂರಾಡುತ್ತಾನೆ, ನಾಲಿಗೆ ತೊದಲಿಸುತ್ತಾನೆ, ಕಣ್ಣು ಅರ್ಧ ಮುಚ್ಚುತ್ತಾನೆ. ನಾನು ಅವನಿಗೆ ಹೇಳುವುದು ಒಂದೇ. ಕುಡಿದವನಿಗೆ ತಾನು ಕುಡಿದಿಲ್ಲ ಎಂದು ತೋರಿಸಿಕೊಳ್ಳುವ ಹಟ ಇರುತ್ತದೆ, ಅದನ್ನು ಅಭಿನಯಿಸು. ಗಣೇಶ್ ಆ ದೃಶ್ಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಅವರು ಕುಡಿದವನು ಎಂಬುದನ್ನು ಹಿಂದಕ್ಕೆ ಸರಿಸಿ, ತಮಾಷೆ ಮಾಡಿಯೇ ಈ ಹೊತ್ತನ್ನು ದಾಟಿಬಿಡಬೇಕು ಎಂದು ಒದ್ದಾಡುವವನನ್ನು ಮುಂದಕ್ಕೆ ತಂದಿದ್ದಾರೆ. ನಿನಗೆ ಮದುವೆ ಗೊತ್ತಾಗಿದೆ, ನನ್ನ ಹತ್ತಿರ ಬರಬೇಡ ಎಂದು ಹೇಳಬೇಕಾದ ಮಾತು. ಅದನ್ನು ನೇರವಾಗಿ ಹೇಳಿದರೆ ಅಳುವೇ ಬರುತ್ತದೆ. ಅದಕ್ಕೇ ಸುತ್ತಿ ಬಳಸಿ, ತತ್ವ ಹೇಳಿ, ನಗಿಸಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾನೆ. ಪ್ರತಿ ನಗೆಮಾತಿನ ಕೊನೆಯ ಅಕ್ಷರದಲ್ಲಿ ದನಿ ಸ್ವಲ್ಪ ಕುಸಿಯುತ್ತದೆ. ಆ ಕುಸಿತವನ್ನು ಕೇಳಿಸಿಕೊಳ್ಳಿ.

ತಾಂತ್ರಿಕವಾಗಿಯೂ ಒಂದು ವಿಷಯ ಹೇಳುತ್ತೇನೆ. ಮಳೆ ಸುರಿಯುವಾಗ ಚಿತ್ರೀಕರಣ ಸ್ಥಳದಲ್ಲಿ ಹಿಡಿದ ಧ್ವನಿ ಕೆಲಸಕ್ಕೆ ಬರುವುದಿಲ್ಲ, ಸದ್ದು ಎಲ್ಲವನ್ನೂ ನುಂಗುತ್ತದೆ. ಇಂಥ ದೃಶ್ಯದ ಮಾತನ್ನು ಆಮೇಲೆ ಡಬ್ಬಿಂಗ್ ಥಿಯೇಟರ್‌ನ ಒಣ ಕೋಣೆಯಲ್ಲಿ, ಮೈಕಿನ ಮುಂದೆ ನಿಂತು ಇನ್ನೊಮ್ಮೆ ಆಡಬೇಕಾಗುತ್ತದೆ. ಮೈ ಒದ್ದೆಯಿಲ್ಲ, ಎದುರಿಗೆ ನಾಯಕಿ ಇಲ್ಲ, ತೆರೆಯ ಮೇಲೆ ತನ್ನದೇ ತುಟಿ ಅಲುಗುತ್ತಿರುತ್ತದೆ. ಆ ತುಟಿಗೆ ಸರಿಯಾಗಿ ಉಸಿರನ್ನೂ ನಡುಕವನ್ನೂ ಮತ್ತೆ ತಂದುಕೊಳ್ಳಬೇಕು. ವೇಗವಾಗಿ ಮಾತಾಡುವ ನಟನಿಗೆ ಇದು ಇನ್ನೂ ಕಷ್ಟ, ಯಾಕೆಂದರೆ ಉಸಿರು ತೆಗೆದುಕೊಳ್ಳುವ ಜಾಗಗಳು ಕಡಿಮೆ. ‘ವಟವಟ’ ಎಂದು ಭಾವನವರು ಹೇಳಿದ್ದರ ಹಿಂದೆ ಇಷ್ಟು ಉಸಿರಿನ ಲೆಕ್ಕವಿದೆ.

ಇನ್ನು ಭಾವನವರ ಕರ್ನಲ್ ಸುಬ್ಬಯ್ಯನ ವಿಷಯಕ್ಕೆ ಬರೋಣ. ಅನಂತ್ ನಾಗ್ ಅವರನ್ನು ಹೊಗಳಲು ನನಗೆ ಯಾರ ಒತ್ತಾಯವೂ ಬೇಕಿಲ್ಲ. ಶ್ಯಾಮ್ ಬೆನಗಲ್ ಅವರ ‘ಅಂಕುರ್’ 1974ರಲ್ಲಿ, ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ 1975ರಲ್ಲಿ. ಅದೇ ಮನುಷ್ಯ 1990ರಲ್ಲಿ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ಯಲ್ಲಿ ವಠಾರದ ಬಾಡಿಗೆದಾರನಾಗಿ ನಿಂತು ಕನ್ನಡದ ಮನೆಮನೆಯನ್ನು ನಗಿಸಿದರು. ಕನ್ನಡದಲ್ಲಿ ರೊಮ್ಯಾಂಟಿಕ್ ಕಾಮಿಡಿ ಎಂಬ ಬಗೆಗೆ ಒಂದು ಘನತೆ ಬಂದದ್ದರಲ್ಲಿ ಅವರ ಪಾಲು ಎಷ್ಟೆಂದು ಹೇಳಲು ಬೇರೆಯದೇ ಲೇಖನ ಬೇಕು. ಕಿವುಡನ ಪಾತ್ರವನ್ನು ಅವರು ಮಾಡಿದ ರೀತಿ ನೋಡಿ. ಕಿವಿಗೆ ಕೈ ಹಚ್ಚಿ ‘ಆಂ? ಆಂ?’ ಎನ್ನುವ ನಾಟಕದ ಕಿವುಡ ಅಲ್ಲ. ತನಗೆ ಎಲ್ಲ ಸರಿಯಾಗಿಯೇ ಕೇಳಿಸಿದೆ ಎಂಬ ನೆಮ್ಮದಿ ಮುಖದ ಮೇಲಿದೆ. ನಗು ಬರುವುದು ಆ ನೆಮ್ಮದಿಗೆ. ಎಲ್ಲವನ್ನೂ ಕೇಳಿಸಿಕೊಂಡ ನಟನೇ ಏನೂ ಕೇಳಿಸದವನ ಪಾತ್ರವನ್ನು ಹೀಗೆ ಮಾಡಬಲ್ಲ.

ಆದರೆ ಭಾವನವರು ಅನಂತ್ ನಾಗ್ ಅವರ ಅತ್ಯುತ್ತಮ ದೃಶ್ಯ ಎಂದು ತೋರಿಸುವುದು ಯಾವುದನ್ನು? ನನ್ನ ಊಹೆ, ಬೆಳಗಿನ ಓಟದ ದೃಶ್ಯವನ್ನು. ನಂದಿನಿ ಜಲಪಾತದ ನೆತ್ತಿಯಲ್ಲಿ ನಿಂತು ಪ್ರೀತಿ ಒಪ್ಪಿಕೊಂಡಾಗಿದೆ. ಈಗ ಅಪ್ಪನನ್ನು ಕೇಳಿಬಿಡೋಣ ಎಂದು ಪ್ರೀತಮ್ ಕರ್ನಲ್ಲರನ್ನು ಬೆಳಗ್ಗೆ ಓಡಲು ಕರೆದುಕೊಂಡು ಹೋಗುತ್ತಾನೆ. ಇಡೀ ಸಿನಿಮಾದಲ್ಲಿ ಇವನಿಗೆ ನಿಜವಾಗಿ ಮಾತು ಬೇಕಾದ ಒಂದೇ ಹೊತ್ತು ಅದು. ಆಗ ಮಾತಾಡುವವರು ಅವರು. ತಾನು ಹೃದಯರೋಗಿ, ಯಾವಾಗ ಬೇಕಾದರೂ ಹೋಗಬಹುದು, ಮಗಳನ್ನು ಮದುವೆ ಗೊತ್ತಾಗಿರುವ ಗೌತಮ್ ಕೈಗೆ ಒಪ್ಪಿಸುವುದೊಂದೇ ಉಳಿದಿರುವ ಆಸೆ.

ಅನಂತ್ ನಾಗ್ ಅಲ್ಲಿ ಕರುಣೆ ಬೇಡುವುದಿಲ್ಲ. ಸೈನಿಕನೊಬ್ಬ ತನ್ನ ಲೆಕ್ಕ ಒಪ್ಪಿಸುವ ಹಾಗೆ ಹೇಳುತ್ತಾರೆ. ಅದ್ಭುತ. ಆದರೆ ಆ ಮಾತು ನಮ್ಮ ಎದೆಗೆ ಬೀಳುವುದು ಯಾವ ದಾರಿಯಿಂದ? ಕೇಳಿಸಿಕೊಳ್ಳುತ್ತಿರುವ ಹುಡುಗನ ಮುಖದ ಮೂಲಕ. ಕರ್ನಲ್ಲರಿಗೆ ತಾನು ಯಾರ ಮುಂದೆ ಏನು ಹೇಳುತ್ತಿದ್ದೇನೆ ಎಂಬುದು ಗೊತ್ತಿಲ್ಲ. ಗೊತ್ತಿರುವುದು ನಮಗೆ ಮತ್ತು ಆ ಹುಡುಗನಿಗೆ. ಬಾಯಿ ತುದಿಯವರೆಗೆ ಬಂದ ಮಾತನ್ನು ನುಂಗಿ, ಮುಖದಲ್ಲಿ ಅದು ಕಾಣದ ಹಾಗೆ, ಆದರೆ ನಮಗೆ ಮಾತ್ರ ಕಾಣುವ ಹಾಗೆ ನಿಲ್ಲಬೇಕು. ಎರಡು ಗಂಟೆ ಮಾತಾಡಿದವನ ಮೌನ ಅದು. ಮೊದಲು ಅಷ್ಟು ಮಾತು ಇರದಿದ್ದರೆ ಈ ಮೌನಕ್ಕೆ ತೂಕವೇ ಇರುತ್ತಿರಲಿಲ್ಲ. ಈ ದೃಶ್ಯದಲ್ಲಿ ಯಾರ ನಟನೆ ಹೆಚ್ಚು ಎಂದು ಕೇಳಿದರೆ ಜುಗಲ್‌ಬಂದಿ ಕೇಳಿ ಬಂದವರು ತಬಲಾ ಹೆಚ್ಚೋ ಸಿತಾರ್ ಹೆಚ್ಚೋ ಎಂದು ಜಗಳಾಡಿದ ಹಾಗೆ. ಒಬ್ಬರನ್ನು ಕಿತ್ತರೆ ಇನ್ನೊಬ್ಬರದೂ ಉಳಿಯುವುದಿಲ್ಲ.

ನಗಿಸುವ ನಟನನ್ನು ಕಡಿಮೆ ಅಂದಾಜು ಮಾಡುವುದು ನಿಮ್ಮ ಮನೆಯ ಕಾಯಿಲೆ ಮಾತ್ರವಲ್ಲ. ಹಾಲಿವುಡ್‌ನ ಕ್ಯಾರಿ ಗ್ರಾಂಟ್ ಈ ಬಗೆಯ ಚಿತ್ರಗಳ ದೊರೆ. ಹುಟ್ಟಿದ್ದು 1904ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಹುಡುಗನಾಗಿದ್ದಾಗ ದೊಂಬರಾಟದ ತಂಡದಲ್ಲಿ ಪಲ್ಟಿ ಹೊಡೆದು ಟೈಮಿಂಗ್ ಕಲಿತವನು. ಆಸ್ಕರ್‌ಗೆ ಅವನ ಹೆಸರು ಸೂಚಿತವಾದದ್ದು ಎರಡೇ ಸಲ, ಎರಡೂ ಗಂಭೀರ, ಕಣ್ಣೀರಿನ ಚಿತ್ರಗಳಿಗೆ. 1940ರ ‘ದಿ ಫಿಲಡೆಲ್ಫಿಯಾ ಸ್ಟೋರಿ’ಯಲ್ಲಿ ಜೊತೆಗೆ ನಟಿಸಿದ ಜೇಮ್ಸ್ ಸ್ಟುವರ್ಟ್‌ಗೆ ಪ್ರಶಸ್ತಿ ಬಂತು, ಗ್ರಾಂಟ್ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಕೊನೆಗೆ ನಟನೆ ಬಿಟ್ಟ ಮೇಲೆ, 1970ರಲ್ಲಿ ಗೌರವ ಆಸ್ಕರ್ ಕೊಟ್ಟರು. ಸಲೀಸಾಗಿ ಕಾಣುವುದು ಸಲೀಸಾಗಿಯೇ ಆಯಿತು ಎಂದು ಎಲ್ಲ ಊರಿನಲ್ಲೂ ಅಂದುಕೊಳ್ಳುತ್ತಾರೆ.

ಹಾಗಂತ ನಿಮ್ಮ ನಟನ ಎಲ್ಲವನ್ನೂ ನಾನು ಒಪ್ಪುತ್ತೇನೆ ಎಂದಲ್ಲ. ಹೊಡೆದಾಟದ ಭಾಗಗಳಲ್ಲಿ ಪ್ರೀತಮ್ ಮಾಯವಾಗಿ ಮಾಮೂಲಿ ಹೀರೋ ಬಂದು ನಿಲ್ಲುತ್ತಾನೆ. ಖಳನಾಯಕ ಜಾಲಿಯ ಪಟಾಲಂ ಅನ್ನು ಅಷ್ಟು ಸುಲಭವಾಗಿ ಬಡಿದು ಹಾಕಬಲ್ಲವನಿಗೆ ಮಾತಿನ ಆಸರೆ ಯಾಕೆ ಬೇಕು? ಬೆಂಗಳೂರಿನ ಮಾಲ್ ಹತ್ತಿರದ ಮೊದಲ ದೃಶ್ಯಗಳಲ್ಲೂ ಕೆಲವು ಕಡೆ ಮಾತು ಎದುರಿನ ಪಾತ್ರಕ್ಕಿಂತ ಪ್ರೇಕ್ಷಕರ ಕಡೆಗೆ ಹೆಚ್ಚು ತಿರುಗಿದೆ. ಅಲ್ಲಿ ಭಾವನವರು ಹೇಳುವ ಟಿವಿ ನಿರೂಪಕ ಇಣುಕುತ್ತಾನೆ, ಸುಳ್ಳಲ್ಲ. ಮತ್ತೆ, ಈ ಚಿತ್ರ ಗೆದ್ದ ಮೇಲೆ ಅದೇ ಧಾಟಿಯನ್ನು ಕನ್ನಡ ಚಿತ್ರರಂಗ ಎಷ್ಟು ಸಲ ಬಳಸಿತೆಂದರೆ, ಇಂದು ಮೊದಲ ಬಾರಿ ‘ಮುಂಗಾರು ಮಳೆ’ ನೋಡುವ ಹುಡುಗನಿಗೆ ಅದರ ಹೊಸತನ ಕಾಣುವುದೇ ಇಲ್ಲ. ಕಂಪನಿ ನಾಟಕದಿಂದ ಬಂದ ತುಂಬು ವಾಕ್ಯದ, ಅಚ್ಚುಕಟ್ಟು ಉಚ್ಚಾರದ ಸಂಭಾಷಣೆಯೇ ನಾಯಕನ ಲಕ್ಷಣ ಎಂದು ದಶಕಗಳ ಕಾಲ ಒಪ್ಪಿಕೊಂಡಿದ್ದ ಚಿತ್ರರಂಗದಲ್ಲಿ, ಅರ್ಧಕ್ಕೆ ಬಿಟ್ಟು, ತಾನೇ ತನ್ನ ಮಾತನ್ನು ಕತ್ತರಿಸಿಕೊಂಡು, ಕಟ್ಟೆ ಮೇಲೆ ಕೂತವರ ಹಾಗೆ ಮಾತಾಡುವ ನಾಯಕ 2006ರಲ್ಲಿ ಎಷ್ಟು ತಾಜಾ ಆಗಿದ್ದ ಎಂಬುದನ್ನು ನಿಮ್ಮ ವಯಸ್ಸಿನವರು ನೆನಪಿಟ್ಟುಕೊಂಡಿದ್ದೀರಿ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಕನ್ನಡ ಚಿತ್ರವೊಂದು ಒಂದು ವರ್ಷಕ್ಕೂ ಹೆಚ್ಚು ಓಡಿತು. ಮನೋಮೂರ್ತಿ ಅವರ ಸಂಗೀತ, ಜಯಂತ ಕಾಯ್ಕಿಣಿ ಅವರ ಸಾಹಿತ್ಯ, ಎಸ್. ಕೃಷ್ಣ ಅವರ ಕ್ಯಾಮೆರಾ, ಮಲೆನಾಡಿನ ಮಳೆ ಎಲ್ಲವೂ ಸೇರಿ ಆದ ಗೆಲುವು ಅದು, ಒಪ್ಪುತ್ತೇನೆ. ಆದರೆ ಅದೇ ಕಥೆ ತೆಲುಗಿಗೂ ಬಂಗಾಳಿಗೂ 2008ರಲ್ಲಿ ಹೋಯಿತು. ಮಳೆಯನ್ನು ಅಲ್ಲಿಯೂ ಸುರಿಸಬಹುದು. ಈ ಬಾಯಿಯನ್ನು ಕೊಂಡೊಯ್ಯಲಾಗಲಿಲ್ಲ.

ನಿಮ್ಮ ಪತ್ರ ಓದಿ ನನಗೆ ಬೇಸರವಾದ ಒಂದು ಸಂಗತಿ ಇದೆ, ಹೇಳಿಬಿಡುತ್ತೇನೆ. ಇಷ್ಟು ವರ್ಷದ ಚರ್ಚೆಯಲ್ಲಿ ನಿಮ್ಮ ಮನೆಯವರು ಯಾರೂ ನಂದಿನಿಯ ಹೆಸರೆತ್ತಿದಂತಿಲ್ಲ. ಗಣೇಶೋ ಅನಂತ್ ನಾಗೋ ಎಂದಷ್ಟೇ ಕೇಳಿದ್ದೀರಿ. ರೊಮ್ಯಾಂಟಿಕ್ ಕಾಮಿಡಿಯಲ್ಲಿ ಹುಡುಗನ ಮಾತು ಮುದ್ದಾಗಿದೆಯೋ ಕಿರಿಕಿರಿಯೋ ಎಂದು ನಮಗೆ ಹೇಳಿಕೊಡುವವಳು ಎದುರಿಗಿರುವ ಹುಡುಗಿ. ಒಬ್ಬ ಅಪರಿಚಿತ ಬೆನ್ನು ಬಿದ್ದು ಪಟಪಟ ಮಾತಾಡುತ್ತಾನೆ, ಅವಳ ಮದುವೆ ಗೊತ್ತಾಗಿದೆ ಎಂದು ತಿಳಿದೂ ಬಿಡುವುದಿಲ್ಲ. ಬರೀ ಕಾಗದದ ಮೇಲೆ ಓದಿದರೆ ಇದು ತೊಂದರೆ ಕೊಡುವವನ ಕಥೆ. ಅದನ್ನು ಪ್ರೇಮಕಥೆ ಮಾಡಿದ್ದು ಪೂಜಾ ಗಾಂಧಿ ಅವರ ಮುಖದಲ್ಲಿ ಸಿಟ್ಟು ಕರಗಿ ಕುತೂಹಲವಾಗಿ, ಕುತೂಹಲ ನಗುವಾಗಿ, ನಗು ಭಯವಾಗಿ ಬದಲಾಗುವ ಆ ನಿಧಾನ. ಮಳೆಯ ದೃಶ್ಯದಲ್ಲಿ ಕೊಡೆ ಹಿಡಿದು ನಿಂತವಳಿಗೆ ಮಾತು ಕಡಿಮೆ. ಆ ದೃಶ್ಯ ಮುಗಿಯುವ ಹೊತ್ತಿಗೆ ಪ್ರೀತಿಗೆ ಬಿದ್ದವಳು ಅವಳು. ನಾವೆಲ್ಲ ಮಾತಾಡುವವನನ್ನೇ ನೋಡುತ್ತಿದ್ದಾಗ ಆ ಬದಲಾವಣೆ ನಡೆದುಹೋಗಿರುತ್ತದೆ.

ಮುಂದಿನ ಹಬ್ಬಕ್ಕೆ ಎಲ್ಲರೂ ಸೇರಿದಾಗ ಹೀಗೆ ಮಾಡಿ. ನನ್ನ ತರಗತಿಯಲ್ಲಿ ಮಾಡಿಸುವುದೂ ಇದನ್ನೇ. ಮಳೆಯ ದೃಶ್ಯವನ್ನು ಒಮ್ಮೆ ಸದ್ದು ಪೂರ್ತಿ ಬಂದ್ ಮಾಡಿ ಹಾಕಿ, ನಂದಿನಿಯನ್ನು ಮಾತ್ರ ನೋಡಿ. ಆಮೇಲೆ ಟಿವಿಗೆ ಬೆನ್ನು ಹಾಕಿ ಕೂತು ಅದೇ ದೃಶ್ಯವನ್ನು ಕೇಳಿ, ಗಣೇಶ್ ದನಿ ಎಲ್ಲೆಲ್ಲಿ ಕುಸಿಯುತ್ತದೆ ಎಂದು ಬೆರಳು ಮಡಚುತ್ತಾ ಹೋಗಿ. ಕೊನೆಗೆ ಬೆಳಗಿನ ಓಟದ ದೃಶ್ಯ ಹಾಕಿ. ಭಾವನವರಿಗೆ ಹೇಳಿ, ಈ ಒಂದು ಸಲ ಅನಂತ್ ನಾಗ್ ಅವರನ್ನು ಕಿವಿಯಲ್ಲಿ ಮಾತ್ರ ಇಟ್ಟುಕೊಂಡು, ಕಣ್ಣನ್ನು ಗಣೇಶ್ ಮೇಲೆ ಇಡಲಿ. ನೀವು ಗಣೇಶ್ ಅವರನ್ನು ಬಿಟ್ಟು ಕರ್ನಲ್ಲರನ್ನು ನೋಡಿ. ಯಾರಿಗೆ ಏನು ಕಂಡಿತು ಎಂದು ನನಗೆ ಬರೆಯಿರಿ. ಅಕ್ಕನವರ ಅಭಿಪ್ರಾಯವನ್ನೂ ಸೇರಿಸಿ.